ಪಕ್ಕೆಲುಬಿನಿಂದ ಒಂದು ಕಿವಿ



ಪ್ರಥಮ ಪಿಯುಸಿ ತರಗತಿಯಲ್ಲಿ ಸಂಯೋಜಕ ಅಂಗಾಂಶಗಳ ಪಾಠ ನಡೆಯುತ್ತಿತ್ತು. ಮೃದ್ವಸ್ಥಿ, ಅಂದರೆ ಕಾರ್ಟಿಲೇಜ್, ನಮ್ಮ ದೇಹದಲ್ಲಿ ಎಲ್ಲೆಲ್ಲಿದೆ ಎಂದು ಕೇಳಿದೆ. ಮೂಗಿನ ತುದಿ, ಹೊರಕಿವಿ, ಬೆನ್ನುಮೂಳೆಗಳ ನಡುವೆ ಎಂಬ ಉತ್ತರಗಳು ಬಂದವು. ಗಂಟೆ ಹೊಡೆದ ಮೇಲೆ ಒಬ್ಬ ವಿದ್ಯಾರ್ಥಿನಿ ಸ್ಟಾಫ್ ರೂಮಿಗೆ ಬಂದಳು.

"ಸರ್, ನನ್ನ ತಮ್ಮನಿಗೆ ಹುಟ್ಟಿನಿಂದ ಬಲಗಿವಿ ಇಲ್ಲ. ಕಡಲೆಕಾಯಿಯಷ್ಟು ಒಂದು ಗಂಟು ಮಾತ್ರ ಇದೆ. ಪಕ್ಕೆಲುಬಿನಿಂದ ಕಿವಿ ಮಾಡಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ನಾನಿ ಬೇಡವೇ ಬೇಡ ಅಂತಾರೆ. ಎದೆಯ ಮೂಳೆ ತೆಗೆದರೆ ಹುಡುಗ ನಾಳೆ ಭಾರ ಎತ್ತೋದು ಹೇಗೆ ಅಂತ ಅವರ ಚಿಂತೆ. ಮೂಳೆಯಿಂದ ಮಾಡಿದ ಕಿವಿ ಗಟ್ಟಿಯಾಗಿ ಇರಲ್ವಾ ಸರ್?"

ಅಂದು ಗೊತ್ತಿದ್ದಷ್ಟು ಹೇಳಿದೆ. ಉಳಿದದ್ದನ್ನು ಓದಿ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಆಕೆಯ ಒಪ್ಪಿಗೆ ಪಡೆದು, ಹೆಸರು ಹೇಳದೆ, ಆ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುತ್ತಿದ್ದೇನೆ. ಪಠ್ಯಪುಸ್ತಕದಲ್ಲಿ ನಾವು ಎರಡು ಸಾಲಿನಲ್ಲಿ ಓದಿ ಮುಗಿಸುವ ಅಂಗಾಂಶವೊಂದು ಒಬ್ಬ ಹುಡುಗನ ಮುಖಕ್ಕೆ ಏನು ಮಾಡಬಲ್ಲದು ಎಂಬುದೇ ಈ ಪಾಠ.

ಮೂಳೆಯಲ್ಲ, ಮೃದ್ವಸ್ಥಿ

ಮೊದಲು ನಾನಿಯವರ ಭಯದ ಬಗ್ಗೆ. ಇಲ್ಲಿ ತೆಗೆಯುವುದು ಮೂಳೆಯನ್ನಲ್ಲ. ನಮಗೆ 12 ಜೊತೆ ಪಕ್ಕೆಲುಬುಗಳಿವೆ. ಪ್ರತಿಯೊಂದೂ ಹಿಂದೆ ಬೆನ್ನುಮೂಳೆಗೆ ಸೇರಿದೆ. ಮುಂದೆ ಮಾತ್ರ ಮೂಳೆ ನೇರವಾಗಿ ಎದೆಮೂಳೆಯನ್ನು ಮುಟ್ಟುವುದಿಲ್ಲ. ನಡುವೆ ಹಾಲುಬಿಳುಪಿನ, ನಯವಾದ ಹಯಲಿನ್ ಮೃದ್ವಸ್ಥಿಯ ಪಟ್ಟಿ ಇರುತ್ತದೆ. ಮೊದಲ 7 ಜೊತೆ ಹೀಗೆ ಎದೆಮೂಳೆಗೆ ಸೇರುತ್ತವೆ. 8, 9 ಮತ್ತು 10ನೆಯವು ತಮ್ಮ ಮೃದ್ವಸ್ಥಿಯ ಮೂಲಕ 7ನೆಯದಕ್ಕೆ ಆತುಕೊಳ್ಳುತ್ತವೆ. 11 ಮತ್ತು 12 ತೇಲುವ ಪಕ್ಕೆಲುಬುಗಳು. ಇದು ನಿಮ್ಮ ಪಠ್ಯದಲ್ಲೇ ಇದೆ. ಕಿವಿಗೆ ಬೇಕಾದದ್ದು ಸಾಮಾನ್ಯವಾಗಿ 6ರಿಂದ 9ನೇ ಪಕ್ಕೆಲುಬಿನವರೆಗಿನ ಈ ಮೃದ್ವಸ್ಥಿಯ ಭಾಗ. ಮೂಳೆಯ ಭಾಗ ಇದ್ದಲ್ಲಿಯೇ ಇರುತ್ತದೆ.

ಇನ್ನು ಮೃದ್ವಸ್ಥಿಯ ರಚನೆ. ಕಾಂಡ್ರೋಸೈಟ್ ಕೋಶಗಳು ತಾವೇ ಸ್ರವಿಸಿದ ಮಾತೃಕೆಯೊಳಗೆ ಪುಟ್ಟ ಗೂಡುಗಳಲ್ಲಿ ಕುಳಿತಿರುತ್ತವೆ. ಮೃದ್ವಸ್ಥಿಯೊಳಗೆ ರಕ್ತನಾಳಗಳಿಲ್ಲ. ಅದನ್ನು ಸುತ್ತಿದ ಪೆರಿಕಾಂಡ್ರಿಯಮ್ ಪೊರೆಯಿಂದ ಮತ್ತು ಅಕ್ಕಪಕ್ಕದ ದ್ರವದಿಂದ ಆಹಾರ, ಆಮ್ಲಜನಕ ನಿಧಾನವಾಗಿ ವಿಸರಣೆಯಿಂದ ಒಳಗೆ ಬರುತ್ತವೆ. ಪರೀಕ್ಷೆಯಲ್ಲಿ ಇದನ್ನು ಮೃದ್ವಸ್ಥಿಯ ಕೊರತೆ ಎಂಬಂತೆ ಬರೆಯುತ್ತೇವೆ: ರಕ್ತಪೂರೈಕೆ ಇಲ್ಲ, ಆದ್ದರಿಂದ ಗಾಯ ಬೇಗ ಮಾಯುವುದಿಲ್ಲ. ಶಸ್ತ್ರಚಿಕಿತ್ಸಕರಿಗೆ ಇದೇ ವರ. ಒಂದು ತುಂಡು ಸ್ನಾಯುವನ್ನು ಕಿತ್ತು ಬೇರೆಡೆ ಇಟ್ಟರೆ ರಕ್ತ ಸಿಗದೆ ಸಾಯುತ್ತದೆ. ಅಲ್ಪದರಲ್ಲಿ ಬದುಕಲು ಮೊದಲೇ ಕಲಿತ ಮೃದ್ವಸ್ಥಿ ಮಾತ್ರ ಹೊಸ ಜಾಗದಲ್ಲಿಯೂ ಸುತ್ತಲಿನ ದ್ರವದಿಂದಲೇ ಜೀವ ಹಿಡಿದುಕೊಳ್ಳುತ್ತದೆ.

ಚರ್ಮ ಸಿಕ್ಕಿತು, ಹಂದರ ಸಿಗಲಿಲ್ಲ

ಮುಖವನ್ನು ಮರಳಿ ಕಟ್ಟುವ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಎಲೆಯಿಂದ ಅಳತೆ ಹಿಡಿದು ಕೆನ್ನೆಯ ಚರ್ಮದಿಂದ ಮೂಗು ಮಾಡುವ ಕ್ರಮ ಸುಶ್ರುತ ಸಂಹಿತೆಯಲ್ಲಿದೆ. ನಮ್ಮ ಮೈಸೂರಿನ ಇತಿಹಾಸಕ್ಕೂ ಇದರ ಒಂದು ಎಳೆ ಸೇರಿದೆ. ಮೂರನೇ ಆಂಗ್ಲೋ-ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕವಾಸ್ಜಿ ಎಂಬವನು ಸೆರೆಸಿಕ್ಕು ಮೂಗು ಕಳೆದುಕೊಂಡ. ಪುಣೆಯ ಬಳಿ ಕುಶಲಿಯೊಬ್ಬ ಅವನಿಗೆ ಹಣೆಯ ಚರ್ಮದಿಂದ ಮೂಗು ಮಾಡಿಕೊಟ್ಟ. ತೆಳು ಮೇಣದ ತಗಡನ್ನು ಮೂಗಿನ ಮೊಂಡಿನ ಮೇಲೆ ಕೂರಿಸಿ, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ ಗೆರೆ ಎಳೆದು, ಅಷ್ಟು ಚರ್ಮವನ್ನು ಹುಬ್ಬುಗಳ ನಡುವೆ ಅಂಟಿಕೊಂಡಿರುವಂತೆಯೇ ತಿರುಗಿಸಿ ಇಳಿಸಿದ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಈ ಸುದ್ದಿಯನ್ನು ಪ್ರಕಟಿಸಿತು. ಅದನ್ನು ತಿಳಿದು ಜೋಸೆಫ್ ಕಾರ್ಪ್ಯೂ ಎಂಬ ವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದೇ ರೀತಿಯ ಶಸ್ತ್ರಚಿಕಿತ್ಸೆ ಮಾಡಿದ.

ಆದರೆ ಈ ವಿಧಾನದಲ್ಲಿ ಒಂದು ಕೊರತೆ ಇತ್ತು. ಕೋಲಿಲ್ಲದ ಗುಡಾರದ ಬಟ್ಟೆಯಂತೆ, ಒಳಗೆ ಆಸರೆಯಿಲ್ಲದ ಚರ್ಮ ದಿನ ಕಳೆದಂತೆ ಸುಕ್ಕಿ ಕುಸಿಯುತ್ತದೆ. ಮೂಗಾಗಲಿ ಕಿವಿಯಾಗಲಿ ನಿಲ್ಲಬೇಕಾದರೆ ಒಳಗೆ ಹಂದರ ಬೇಕು.

ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರ ದೇಹ ಮರೆಯಲ್ಲಿರುತ್ತಿತ್ತು, ಮುಖ ಗುಂಡಿಗೆ ಸಿಗುತ್ತಿತ್ತು. ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ 1917ರಲ್ಲಿ ಇಂಥವರಿಗಾಗಿಯೇ ಒಂದು ಆಸ್ಪತ್ರೆ ತೆರೆಯಿತು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಹೆರಾಲ್ಡ್ ಗಿಲ್ಲೀಸ್ ಅಲ್ಲಿನ ಮುಖ್ಯ ಶಸ್ತ್ರಚಿಕಿತ್ಸಕ. ಅವರ ತಂಡ 5,000ಕ್ಕೂ ಹೆಚ್ಚು ಸೈನಿಕರಿಗೆ ಚಿಕಿತ್ಸೆ ನೀಡಿತು. ಮೂಗು ಕಳೆದುಕೊಂಡ ಒಬ್ಬ ಅಧಿಕಾರಿಯ ಪಕ್ಕೆಲುಬಿನ ಮೃದ್ವಸ್ಥಿಯನ್ನು ಗಿಲ್ಲೀಸ್ ಮೊದಲು ಅವನ ಹಣೆಯ ಚರ್ಮದಡಿ ಹುದುಗಿಸಿದರು. ಅದು ಅಲ್ಲಿ ನೆಲೆಗೊಂಡ ಮೇಲೆ ಚರ್ಮದ ಸಮೇತ ಕೆಳಗಿಳಿಸಿ ಮೂಗು ಮಾಡಿದರು. ಪುಣೆಯ ಕುಶಲಿಯ ಚರ್ಮಕ್ಕೆ ಹೀಗೆ ಒಳಗಿನ ಹಂದರವೂ ಸೇರಿತು.

ತಾಯಿಯ ಕಿವಿ ಏಕೆ ಒಗ್ಗಲಿಲ್ಲ?

ಮಗುವಿನ ಎದೆ ಕೊಯ್ಯುವ ಬದಲು ತಾಯಿಯೇ ಕೊಡಬಾರದೇ ಎಂದು ನಿಮಗೆ ಅನ್ನಿಸಬಹುದು. ಗಿಲ್ಲೀಸ್ ಅವರಿಗೂ ಹಾಗೆಯೇ ಅನ್ನಿಸಿತು. 1930ರ ದಶಕದಲ್ಲಿ ಅವರು ಕಿವಿಯಿಲ್ಲದೆ ಹುಟ್ಟಿದ 30ಕ್ಕೂ ಹೆಚ್ಚು ಮಕ್ಕಳಿಗೆ ತಾಯಂದಿರ ಕಿವಿಯ ಮೃದ್ವಸ್ಥಿಯನ್ನೇ ಬಳಸಿದರು. ಆರಂಭದಲ್ಲಿ ಕಿವಿಗಳು ಚೆನ್ನಾಗಿ ಕಂಡವು. ಕಾಲಕ್ರಮೇಣ ಆ ಮೃದ್ವಸ್ಥಿ ಕರಗುತ್ತಾ ಹೋಯಿತು.

ಕಾರಣ ದ್ವಿತೀಯ ಪಿಯುಸಿಯ ರೋಗರಕ್ಷಣೆಯ ಪಾಠದಲ್ಲಿದೆ. ದೇಹ ತನ್ನದನ್ನೂ ಪರರದನ್ನೂ ಗುರುತಿಸುತ್ತದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಗ್ಲಾಸ್ಗೋದಲ್ಲಿ ಸುಟ್ಟಗಾಯದ ರೋಗಿಗಳಿಗೆ ಹಾಕಿದ ಚರ್ಮದ ಕಸಿಯನ್ನು ಶಸ್ತ್ರಚಿಕಿತ್ಸಕ ಥಾಮಸ್ ಗಿಬ್ಸನ್ ಮತ್ತು ಜೀವಶಾಸ್ತ್ರಜ್ಞ ಪೀಟರ್ ಮೆಡಾವರ್ ಸೇರಿ ಅಧ್ಯಯನ ಮಾಡಿದರು. ಬೇರೆಯವರ ಚರ್ಮವನ್ನು ಎರಡನೇ ಬಾರಿ ಹಾಕಿದಾಗ ದೇಹ ಅದನ್ನು ಇನ್ನೂ ಬೇಗ ತಿರಸ್ಕರಿಸುತ್ತದೆ ಎಂದು ಅವರು 1943ರಲ್ಲಿ ತೋರಿಸಿದರು. ಅಂದರೆ ತಿರಸ್ಕಾರ ರೋಗರಕ್ಷಣಾ ವ್ಯವಸ್ಥೆಯ ಕೆಲಸ, ಅದಕ್ಕೆ ನೆನಪಿದೆ. ಈ ದಾರಿಯಲ್ಲಿ ಮುಂದುವರಿದ ಮೆಡಾವರ್ ಅವರಿಗೆ 1960ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮೃದ್ವಸ್ಥಿಯ ಕೋಶಗಳು ಮಾತೃಕೆಯೊಳಗೆ ಅಡಗಿರುವುದರಿಂದ ತಿರಸ್ಕಾರ ನಿಧಾನ, ಅಷ್ಟೇ. ತಾಯಿಯ ಪ್ರೀತಿ ಎಷ್ಟೇ ಇರಲಿ, ಅವಳ ಅಂಗಾಂಶ ಮಗುವಿನ ದೇಹಕ್ಕೆ ಪೂರ್ತಿ ತನ್ನದಲ್ಲ.

ಹಾಗಾದರೆ ತನ್ನದೇ ಇನ್ನೊಂದು ಕಿವಿಯಿಂದ ತೆಗೆಯಬಹುದಲ್ಲ? ಸಣ್ಣ ತುಂಡು ಸಿಗುತ್ತದೆ. ಮೂಗಿನ ನಡುಗೋಡೆಯಿಂದಲೂ ಸಿಗುತ್ತದೆ. ಸಣ್ಣ ದುರಸ್ತಿಗೆ ಅವೇ ಸಾಕು. ಇಡೀ ಕಿವಿಗೆ ಅಥವಾ ಪೂರ್ತಿ ಕುಸಿದ ಮೂಗಿಗೆ ಅಷ್ಟು ಸಾಲದು. ಸಾಕಷ್ಟು ಉದ್ದ, ದಪ್ಪ ಮತ್ತು ಗಟ್ಟಿತನ ಇರುವ ಮೃದ್ವಸ್ಥಿಯ ದಾಸ್ತಾನು ಪಕ್ಕೆಲುಬಿನಲ್ಲೇ ಇದೆ. ರಂಧ್ರಗಳಿರುವ ಪಾಲಿಎಥಿಲೀನ್ ಎಂಬ ಕೃತಕ ವಸ್ತುವಿನಿಂದಲೂ ಕಿವಿಯ ಹಂದರ ಮಾಡುತ್ತಾರೆ. ಅದರಲ್ಲಿ ಎದೆ ಕೊಯ್ಯಬೇಕಿಲ್ಲ, ಸಣ್ಣ ವಯಸ್ಸಿನಲ್ಲೇ ಮಾಡಬಹುದು. ಆದರೆ ಮೇಲಿನ ಚರ್ಮ ಸವೆದು ಅದು ಹೊರಗೆ ಕಂಡರೆ ಸೋಂಕು ತಗಲಿ ತೆಗೆಯಬೇಕಾಗಿ ಬರಬಹುದು. ಜೀವಂತ ಮೃದ್ವಸ್ಥಿ ಸಣ್ಣಪುಟ್ಟ ಪೆಟ್ಟನ್ನು ಹೆಚ್ಚು ತಡೆದುಕೊಳ್ಳುತ್ತದೆ.

ಈರುಳ್ಳಿ ಸೊಪ್ಪಿನ ಪ್ರಯೋಗ

ಮೃದ್ವಸ್ಥಿಗೆ ಒಂದು ಹಠದ ಗುಣವಿದೆ. ಅದನ್ನು ತಿಳಿಯಲು ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಹೋಟೆಲಿನವರು ಸ್ಪ್ರಿಂಗ್ ಆನಿಯನ್ ಎನ್ನುವ ಈರುಳ್ಳಿ ಸೊಪ್ಪಿನ ಒಂದು ಎಳೆ ದಂಟು ತೆಗೆದುಕೊಳ್ಳಿ. ತುದಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ ತಣ್ಣೀರಿನಲ್ಲಿ ಹಾಕಿ. ಸ್ವಲ್ಪ ಹೊತ್ತಿನಲ್ಲಿ ಸೀಳುಗಳು ಹೊರಗೆ ಸುರುಳಿಯಾಗುತ್ತವೆ. ಒಳಗಿನ ಕೋಶಗಳು ನೀರು ಹೀರಿ ಹಿಗ್ಗಲು ನೋಡುತ್ತವೆ, ಹೊರಗಿನ ಸಿಪ್ಪೆ ಬಿಗಿಹಿಡಿಯುತ್ತದೆ. ದಂಟು ಇಡಿಯಾಗಿದ್ದಾಗ ಸುತ್ತಲೂ ಸಮಬಲ, ಆದ್ದರಿಂದ ನೆಟ್ಟಗಿತ್ತು. ಸೀಳಿದಾಗ ಆ ಸಮತೋಲ ತಪ್ಪಿತು.

ಪಕ್ಕೆಲುಬಿನ ಮೃದ್ವಸ್ಥಿಯೂ ಹೀಗೆಯೇ. ಒಳಗಿನ ಪ್ರೋಟಿಯೋಗ್ಲೈಕಾನ್‌ಗಳು ನೀರು ಹಿಡಿದು ಹಿಗ್ಗುತ್ತವೆ. ಹೊರಪದರದ ಕೊಲಾಜನ್ ನಾರುಗಳು ಎಳೆದು ಹಿಡಿದಿರುತ್ತವೆ. ಒಂದೇ ಬದಿಯನ್ನು ಕೆತ್ತಿದರೆ ಉಳಿದ ಬದಿಯ ಹೊರಪದರ ತನ್ನ ಕಡೆಗೆ ಎಳೆದು ತುಂಡನ್ನು ಬಾಗಿಸುತ್ತದೆ. ಆಪರೇಷನ್ ಟೇಬಲ್ಲಿನ ಮೇಲೆ ನೆಟ್ಟಗಿದ್ದ ಮೂಗು ಆಮೇಲೆ ಸೊಟ್ಟಗಾಗಲು ಇದು ಒಂದು ಮುಖ್ಯ ಕಾರಣ. ಮೇಲೆ ಹೇಳಿದ ಅದೇ ಗಿಬ್ಸನ್, ಡೇವಿಸ್ ಎಂಬವರ ಜೊತೆ 1958ರಲ್ಲಿ ಇದರ ಕಾರಣವನ್ನೂ ಪರಿಹಾರವನ್ನೂ ಬರೆದರು: ಎರಡೂ ಬದಿಯಿಂದ ಸಮನಾಗಿ ಕೆತ್ತಿ, ಎಳೆತ ಒಂದಕ್ಕೊಂದು ಸರಿಹೋಗುವಂತೆ ನಡುಭಾಗವನ್ನು ಬಳಸಿ. ಇಂದಿಗೂ ಶಸ್ತ್ರಚಿಕಿತ್ಸಕರು ಈ ಸಮತೋಲದ ನಿಯಮವನ್ನು ಪಾಲಿಸುತ್ತಾರೆ. ಕೆತ್ತಿದ ತುಂಡನ್ನು ಸಲೈನ್ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಬಾಗುವಷ್ಟು ಬಾಗಲಿ ಎಂದು ಕಾದು ನೋಡಿ ಬಳಸುವವರೂ ಇದ್ದಾರೆ.

ಕಿವಿಯಲ್ಲಿ ಈ ಬಾಗುವ ಗುಣವೇ ಉಪಕಾರಕ್ಕೆ ಬರುತ್ತದೆ. ಕಿವಿಯ ಅಂಚು ಬಾಗಿರಲೇಬೇಕು. 8ನೇ ಪಕ್ಕೆಲುಬಿನ ಉದ್ದನೆಯ ಪಟ್ಟಿಯ ಒಂದು ಬದಿಯನ್ನು ಬೇಕೆಂದೇ ತೆಳುಮಾಡಿದರೆ ಅದು ತಾನಾಗಿ ಅಂಚಿನ ಆಕಾರಕ್ಕೆ ಮಣಿಯುತ್ತದೆ.

ಮೂಗಿಗೆ ಇನ್ನೊಂದು ಉಪಾಯವೂ ಇದೆ. ಟರ್ಕಿಯ ಶಸ್ತ್ರಚಿಕಿತ್ಸಕ ಒನೂರ್ ಎರೋಲ್ ಮೃದ್ವಸ್ಥಿಯನ್ನು ಸಣ್ಣ ಚೂರುಗಳಾಗಿ ಹೆಚ್ಚಿ, ಕರಗುವ ಜಾಳಿಯಲ್ಲಿ ಸುತ್ತಿ ಮೂಗಿನ ದಿಂಡಿಗೆ ತುಂಬುವ ಕ್ರಮವನ್ನು 2000ದಲ್ಲಿ ಪ್ರಕಟಿಸಿದರು. ತಮ್ಮ ನಾಡಿನ ಮಿಠಾಯಿಯ ನೆನಪಿನಲ್ಲಿ ಅದಕ್ಕೆ ಟರ್ಕಿಶ್ ಡಿಲೈಟ್ ಎಂದು ಹೆಸರಿಟ್ಟರು. ಅಷ್ಟು ಸಣ್ಣ ಚೂರುಗಳಲ್ಲಿ ಇಡೀ ಕಸಿಯನ್ನು ಬಾಗಿಸುವ ಎಳೆತ ಉಳಿಯುವುದಿಲ್ಲ.

ಕಿವಿ ಕೆತ್ತುವುದು ಹೇಗೆ?

ಹುಟ್ಟಿನಿಂದ ಹೊರಕಿವಿ ಬೆಳೆಯದಿರುವುದನ್ನು ಮೈಕ್ರೋಷಿಯಾ ಎನ್ನುತ್ತಾರೆ. ಪಕ್ಕೆಲುಬಿನಿಂದ ಕಿವಿ ಮಾಡುವ ಇಂದಿನ ಕ್ರಮಕ್ಕೆ ಅಮೆರಿಕದ ರಾಡ್‌ಫೋರ್ಡ್ ಟ್ಯಾಂಜರ್ 1959ರಲ್ಲಿ ತಳಪಾಯ ಹಾಕಿದರು. ಅದನ್ನು ಅಮೆರಿಕದ ಬರ್ಟ್ ಬ್ರೆಂಟ್ ಬೆಳೆಸಿದರು. ಜಪಾನಿನ ಸತೋರು ನಗಾತಾ ಅದನ್ನು ಎರಡು ಹಂತಕ್ಕೆ ಇಳಿಸಿದರು.

ಮೊದಲು ಚೆನ್ನಾಗಿರುವ ಕಿವಿಯ ಮೇಲೆ ಪಾರದರ್ಶಕ ಹಾಳೆ ಇಟ್ಟು ಗೆರೆ ಎಳೆಯುತ್ತಾರೆ. ಹಾಳೆಯನ್ನು ಮಗುಚಿದರೆ ಇನ್ನೊಂದು ಕಿವಿಯ ನಕ್ಷೆ ಸಿದ್ಧ. 6 ಮತ್ತು 7ನೇ ಪಕ್ಕೆಲುಬಿನ ಮೃದ್ವಸ್ಥಿಗಳು ಒಂದಕ್ಕೊಂದು ಕೂಡಿಕೊಂಡಿರುವ ಅಗಲ ಜಾಗದಿಂದ ಕಿವಿಯ ತಳಹಲಗೆ. 8ನೆಯದರಿಂದ ಅಂಚು. ಉಳಿದ ಚೂರುಗಳಿಂದ ಒಳಗಿನ ಮಡಿಕೆಗಳು. ಇವನ್ನೆಲ್ಲ ಕೂದಲಿನಂಥ ತೆಳು ತಂತಿಯಿಂದ ಕಟ್ಟಿ, ತಲೆಯ ಪಕ್ಕದ ಚರ್ಮದಡಿಯ ಜೇಬಿನೊಳಗೆ ಇಡುತ್ತಾರೆ. ಸಣ್ಣ ಕೊಳವೆಯಿಂದ ಒಳಗಿನ ಗಾಳಿ, ದ್ರವ ಹೀರಿದಾಗ ಚರ್ಮ ಹಂದರದ ಪ್ರತಿ ಏರಿಳಿತಕ್ಕೂ ಅಂಟಿಕೊಳ್ಳುತ್ತದೆ. ಸುಮಾರು ಆರು ತಿಂಗಳ ನಂತರ ಎರಡನೇ ಹಂತ: ತಲೆಗೆ ಅಂಟಿದ ಕಿವಿಯನ್ನು ಎತ್ತಿ, ಹಿಂದೆ ಮೃದ್ವಸ್ಥಿಯ ಆಸರೆ ಕೊಟ್ಟು, ಚರ್ಮದ ಕಸಿ ಹಾಕುತ್ತಾರೆ. ಆಗ ಕನ್ನಡಕದ ಕಡ್ಡಿ ಕೂರಲು ಜಾಗವಾಗುತ್ತದೆ.

ವಯಸ್ಸು ಇಲ್ಲಿ ಮುಖ್ಯ. ಎಳೆ ಮಗುವಿನ ಎದೆಯಲ್ಲಿ ಬೇಕಾದಷ್ಟು ಮೃದ್ವಸ್ಥಿ ಇರುವುದಿಲ್ಲ. ಬ್ರೆಂಟ್ ಸುಮಾರು 6 ವರ್ಷದಿಂದ ಆರಂಭಿಸುತ್ತಿದ್ದರು. ನಗಾತಾ ಕ್ರಮದಲ್ಲಿ ಸುಮಾರು 10 ವರ್ಷ ಮತ್ತು ಎದೆಯ ಸುತ್ತಳತೆ 60 ಸೆಂಟಿಮೀಟರ್ ಆಗುವವರೆಗೆ ಕಾಯುತ್ತಾರೆ. ತೀರಾ ತಡವಾದರೂ ಕಷ್ಟ: ವಯಸ್ಸಾದಂತೆ ಮೃದ್ವಸ್ಥಿಯಲ್ಲಿ ಕ್ಯಾಲ್ಸಿಯಂ ಸೇರಿ ಗಡುಸಾಗುತ್ತದೆ, ಕೆತ್ತುವಾಗ ಮುರಿಯುತ್ತದೆ.

"ಗಟ್ಟಿಯಾಗಿ ಇರಲ್ವಾ?" ಎಂಬ ಪ್ರಶ್ನೆಗೆ ಉತ್ತರ: ಹೌದು, ಸ್ವಲ್ಪ ಇರುತ್ತದೆ. ಹುಟ್ಟುಕಿವಿಯಲ್ಲಿರುವುದು ಸ್ಥಿತಿಸ್ಥಾಪಕ ಮೃದ್ವಸ್ಥಿ, ಪಕ್ಕೆಲುಬಿನದು ಹಯಲಿನ್. ಹೊಸ ಕಿವಿಯನ್ನು ಮಡಚಿ ಬಿಟ್ಟರೆ ಹಳೆಯದರಂತೆ ಪಟ್ಟನೆ ಚಿಮ್ಮುವುದಿಲ್ಲ.

ಎದೆಗೆ ಏನಾಗುತ್ತದೆ?

ನಾನಿಯವರ ಚಿಂತೆಯನ್ನು ಅಜ್ಞಾನ ಎಂದು ತಳ್ಳಿಹಾಕಬಾರದು. ಎದೆಗೆ ಗಾಯ ಆಗುತ್ತದೆ. ಮೊದಲ ಕೆಲವು ದಿನ ಕೆಮ್ಮಿದರೆ, ಆಳವಾಗಿ ಉಸಿರೆಳೆದರೆ ನೋವು. ಕೆಲವು ವಾರ ಆಟ, ಭಾರ ಎತ್ತುವುದು ಬೇಡ. ಎದೆಯ ಮೇಲೆ ಕಲೆ ಉಳಿಯುತ್ತದೆ. ಮೃದ್ವಸ್ಥಿಯ ಹಿಂದೆಯೇ ಶ್ವಾಸಕೋಶದ ಪೊರೆ ಇರುವುದರಿಂದ ಅದು ಹರಿಯುವ ಅಪಾಯವೂ ಇದೆ. ಅದಕ್ಕಾಗಿ ಗಾಯದಲ್ಲಿ ಸಲೈನ್ ತುಂಬಿ, ಅರಿವಳಿಕೆ ವೈದ್ಯರು ಶ್ವಾಸಕೋಶ ಉಬ್ಬಿಸಿದಾಗ ಗುಳ್ಳೆ ಬರುತ್ತದೆಯೇ ಎಂದು ನೋಡುತ್ತಾರೆ. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ಹಾಗೆಯೇ. ಪೆರಿಕಾಂಡ್ರಿಯಮ್ ಪೊರೆಯನ್ನು ಎದೆಯಲ್ಲೇ ಉಳಿಸಿದರೆ ಅದರಿಂದ ಹೊಸ ಅಂಗಾಂಶ ಬೆಳೆದು ಜಾಗ ತುಂಬಲು ನೆರವಾಗುತ್ತದೆ. ತೀರಾ ಚಿಕ್ಕವರಲ್ಲಿ, ಹೆಚ್ಚು ತೆಗೆದಾಗ, ಎದೆ ಅಲ್ಲಿ ತಗ್ಗಾಗಿ ಕಾಣಬಹುದು. ವಯಸ್ಸಿಗೆ ಕಾಯುವುದಕ್ಕೆ ಇದೂ ಒಂದು ಕಾರಣ. ಗಾಯ ಮಾಗಿದ ಮೇಲೆ ಸಾಮಾನ್ಯವಾಗಿ ಮಕ್ಕಳು ಓಡುತ್ತಾರೆ, ಆಡುತ್ತಾರೆ, ಭಾರವನ್ನೂ ಎತ್ತುತ್ತಾರೆ.

ಹೊಸ ಕಿವಿಗೂ ತೊಂದರೆ ಬರಬಹುದು: ಮೇಲಿನ ಚರ್ಮ ಸೋಲುವುದು, ಸೋಂಕು, ತಂತಿ ಹೊರಗೆ ಚುಚ್ಚುವುದು. ಆದ್ದರಿಂದ ಇದನ್ನು ಪದೇ ಪದೇ ಮಾಡಿ ಕೈ ಪಳಗಿದವರಲ್ಲೇ ಮಾಡಿಸಬೇಕು. ಗಂಟಿನಂತಿರುವ ಚರ್ಮವನ್ನು ಅಂದಕ್ಕೆಂದು ಮೊದಲೇ ಕತ್ತರಿಸಿ ತೆಗೆಸಬಾರದು. ಅದರಿಂದಲೇ ಮುಂದೆ ಕಿವಿಯ ಹಾಲೆ ಆಗುತ್ತದೆ.

ಕೇಳುವ ಕಿವಿ ಬೇರೆ

ಇಷ್ಟೆಲ್ಲ ಮಾಡಿದರೂ ಪಕ್ಕೆಲುಬಿನ ಕಿವಿಯಿಂದ ಕೇಳಿಸುವುದಿಲ್ಲ. ಅದು ಮುಖದ ಅಂದ, ಕನ್ನಡಕದ ಆಸರೆ. ಕೇಳುವ ಕಾಕ್ಲಿಯಾ ಒಳಕಿವಿಯಲ್ಲಿದೆ. ಭ್ರೂಣದಲ್ಲಿ ಹೊರಕಿವಿ ಮೊದಲ ಎರಡು ಫ್ಯಾರಿಂಜಿಯಲ್ ಕಮಾನುಗಳ ಮೇಲಿನ ಆರು ಪುಟ್ಟ ಗುಬುಟುಗಳಿಂದ ಬರುತ್ತದೆ; ಒಳಕಿವಿ ಬೇರೆಯೇ ಮೂಲದಿಂದ. ಆದ್ದರಿಂದ ಹೊರಕಿವಿ ಇಲ್ಲದವರಲ್ಲೂ ಹಲವೊಮ್ಮೆ ಒಳಕಿವಿ ಸರಿಯಾಗಿಯೇ ಇರುತ್ತದೆ. ತಡೆ ಇರುವುದು ಶಬ್ದ ಸಾಗುವ ದಾರಿಯಲ್ಲಿ. ತಲೆಗೆ ಪಟ್ಟಿಯಂತೆ ಕಟ್ಟುವ, ಮೂಳೆಯ ಮೂಲಕ ಕಂಪನ ಕಳಿಸುವ ಶ್ರವಣ ಸಾಧನ ಇಂಥವರಿಗೆ ನೆರವಾಗಬಲ್ಲದು.

ಹೊರಕಿವಿಗೆ ಹತ್ತು ವರ್ಷ ಕಾಯಬಹುದು. ಶ್ರವಣ ಪರೀಕ್ಷೆಗೆ ಕಾಯಬಾರದು. ಮಾತು ಕಲಿಯುವ ವಯಸ್ಸು ಯಾರಿಗೂ ಕಾಯುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಎಳೆಗೂಸುಗಳಿಗೂ ಈ ಪರೀಕ್ಷೆ ಮಾಡುತ್ತಾರೆ.

ನಮ್ಮ ಸಹೋದ್ಯೋಗಿಗಳಿಗೆ ಒಂದು ಮಾತು. ಒಂದೇ ಕಿವಿ ಕೇಳುವ ಮಗು ಗದ್ದಲದಲ್ಲಿ ತಬ್ಬಿಬ್ಬಾಗುತ್ತದೆ, ಶಬ್ದ ಯಾವ ಕಡೆಯಿಂದ ಬಂತು ಎಂದು ಗುರುತಿಸಲು ಕಷ್ಟಪಡುತ್ತದೆ. ಅದನ್ನು ಅಲಕ್ಷ್ಯ ಎಂದುಕೊಳ್ಳಬೇಡಿ. ಕೇಳುವ ಕಿವಿ ನಿಮ್ಮ ಕಡೆಗಿರುವಂತೆ ಮುಂದಿನ ಬೆಂಚಿನಲ್ಲಿ ಕೂರಿಸಿ.

ತಪ್ಪು ಯಾರದೂ ಅಲ್ಲ

ಆ ವಿದ್ಯಾರ್ಥಿನಿ ಹೊರಡುವಾಗ ಮೆಲ್ಲಗೆ ಇನ್ನೊಂದು ಮಾತು ಹೇಳಿದ್ದಳು. ಗ್ರಹಣದ ದಿನ ಅಮ್ಮಿ ತರಕಾರಿ ಹೆಚ್ಚಿದ್ದಕ್ಕೇ ಹೀಗಾಯಿತು ಎಂದು ನೆರೆಯವರು ಅನ್ನುತ್ತಾರಂತೆ. ನಾಲ್ಕು ವರ್ಷದಿಂದ ಆ ತಾಯಿ ಅದನ್ನು ಕೇಳಿಸಿಕೊಂಡು ಬಂದಿದ್ದಾರೆ. ವಿಜ್ಞಾನದ ವಿದ್ಯಾರ್ಥಿಗಳಾಗಿ ಇದಕ್ಕೆ ನೀವು ಉತ್ತರ ಹೇಳಬೇಕು. ಕಿವಿಯ ಗುಬುಟುಗಳು ಮೂಡುವುದು ಭ್ರೂಣಕ್ಕೆ ಸುಮಾರು ಆರು ವಾರವಾದಾಗ. ಕೆಲವರಲ್ಲಿ ಜೀನ್‌ಗಳ ಬದಲಾವಣೆ, ಕೆಲವರಲ್ಲಿ ಗರ್ಭಿಣಿ ಸೇವಿಸಿದ ಕೆಲವು ನಿರ್ದಿಷ್ಟ ಔಷಧಿಗಳು ಕಾರಣವಾಗಿವೆ. ಹೆಚ್ಚಿನವರಲ್ಲಿ ಕಾರಣ ಸಿಗುವುದಿಲ್ಲ. ಗ್ರಹಣಕ್ಕೂ ಚಾಕುವಿಗೂ ಇದರಲ್ಲಿ ಪಾತ್ರವಿಲ್ಲ.

ಕಳೆದ ವಾರ ಆಕೆ ಮತ್ತೆ ಬಂದಿದ್ದಳು. ತಮ್ಮನ ಶ್ರವಣ ಪರೀಕ್ಷೆ ಆಗಿದೆ, ಎಡಗಿವಿ ಪೂರ್ತಿ ಸರಿಯಿದೆ. ಈರುಳ್ಳಿ ಸೊಪ್ಪಿನ ಪ್ರಯೋಗವನ್ನು ನಾನಿಗೆ ತೋರಿಸಿದಳಂತೆ. ಅವರು ಬಟ್ಟಲನ್ನು ತುಂಬಾ ಹೊತ್ತು ನೋಡಿ, "ಅವನಿಗೆ ಹತ್ತು ವರ್ಷ ಆಗಲಿ. ಎದೆ ಅವನದು, ಕಿವಿ ಅವನದು. ಅವನನ್ನೇ ಕೇಳೋಣ" ಎಂದರಂತೆ.

ನನಗೆ ಅದಕ್ಕೆ ಸೇರಿಸಲು ಏನೂ ಇರಲಿಲ್ಲ.

ಅಭ್ಯಾಸಕ್ಕೆ ಪ್ರಶ್ನೆಗಳು

1. ರಕ್ತನಾಳಗಳಿಲ್ಲದಿರುವುದು ಮೃದ್ವಸ್ಥಿಯ ಕಸಿಗೆ ಹೇಗೆ ಅನುಕೂಲ?

2. 7ನೇ ಮತ್ತು 8ನೇ ಪಕ್ಕೆಲುಬುಗಳು ಎದೆಮೂಳೆಗೆ ಸೇರುವ ರೀತಿಯಲ್ಲಿ ಏನು ವ್ಯತ್ಯಾಸ? ಚಿತ್ರ ಬರೆದು ತೋರಿಸಿ.

3. ತಾಯಿಯ ಮೃದ್ವಸ್ಥಿ ಮಗುವಿನಲ್ಲಿ ಕರಗಿದ್ದು ಏಕೆ? ಅವಳಿ ಸೋದರರು ಒಂದೇ ಭ್ರೂಣದಿಂದ ಬಂದವರಾಗಿದ್ದರೆ ಏನಾಗಬಹುದು?

4. ಈರುಳ್ಳಿ ಸೊಪ್ಪಿನ ಸೀಳನ್ನು ತಣ್ಣೀರಿನ ಬದಲು ಗಟ್ಟಿ ಉಪ್ಪುನೀರಿಗೆ ಹಾಕಿ. ಏನಾಯಿತು? ಕಾರಣ ಬರೆಯಿರಿ.

5. ಹೊರಕಿವಿ ಇಲ್ಲದಿದ್ದರೂ ಒಳಕಿವಿ ಸರಿಯಾಗಿರಲು ಹೇಗೆ ಸಾಧ್ಯ?